ಬಸುರಿ ಮಗಳು ಹೊರದೇಶಕ್ಕೆ ಹೊರಟರೆ: ಹೆರಿಗೆಯ ಖರ್ಚು ಯಾವ ಸರ್ಕಾರ ಹೊರುತ್ತದೆ, ಎಂದಿನಿಂದ?

2019ರಲ್ಲಿ ನನ್ನ ಅಕ್ಕನ ಮಗಳು ಆರು ತಿಂಗಳ ಬಸುರಿಯಾಗಿ ಕೆನಡಾಕ್ಕೆ ಹೊರಟಳು. ಗಂಡನಿಗೆ ವ್ಯಾಂಕೂವರಿನಲ್ಲಿ ಕೆಲಸ, ಇವಳಿಗೂ ಪರ್ಮಿಟ್ ಬಂದಿತ್ತು. ಆಗಸ್ಟ್ 28ಕ್ಕೆ ಟಿಕೆಟ್ ಸಿಗುತ್ತಿತ್ತು. "ಕೈಲ್‌ಮುಹೂರ್ತಕ್ಕೆ ಇನ್ನೊಂದೇ ವಾರ. ಹಬ್ಬ ಮುಗಿಸಿ, ಮನೆಯ ಕಡಂಬುಟ್ಟು ತಿಂದು ಹೋಗು" ಎಂದು ತಡೆದವರು ಮನೆಯ ಹಿರಿಯರಾದ ನಾವೇ. ಅವಳು ವ್ಯಾಂಕೂವರಿನಲ್ಲಿ ಇಳಿದದ್ದು ಸೆಪ್ಟೆಂಬರ್ 6ಕ್ಕೆ.

ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹೊಸಬರಿಗೆ ಸರ್ಕಾರಿ ಆರೋಗ್ಯ ರಕ್ಷಣೆ ಬಂದ ದಿನದಿಂದಲೇ ಸಿಗುವುದಿಲ್ಲ. ಬಂದಿಳಿದ ತಿಂಗಳು ಮುಗಿಯಬೇಕು, ಅದರ ಮೇಲೆ ಇನ್ನೆರಡು ತಿಂಗಳು ಕಳೆಯಬೇಕು. ಆಗಸ್ಟಿನಲ್ಲಿ ಕಾಲಿಟ್ಟಿದ್ದರೆ ನವೆಂಬರ್ 1ರಿಂದ ಕವರೇಜ್ ಸಿಗುತ್ತಿತ್ತು. ಸೆಪ್ಟೆಂಬರಿಗೆ ಜಾರಿದ್ದರಿಂದ ಅದು ಡಿಸೆಂಬರ್ 1ಕ್ಕೆ ಹೋಯಿತು. ಡ್ಯೂ ಡೇಟ್ ಡಿಸೆಂಬರ್ ಎರಡನೇ ವಾರ ಇದ್ದುದರಿಂದ ನಾವು ನಿಶ್ಚಿಂತೆಯಾಗಿದ್ದೆವು. ಮಗು ನವೆಂಬರ್ 27ಕ್ಕೇ ಹುಟ್ಟಿತು. ನಾಲ್ಕು ದಿನದ ವ್ಯತ್ಯಾಸಕ್ಕೆ ಬಂದ ಆಸ್ಪತ್ರೆಯ ಬಿಲ್ಲನ್ನು ಆ ಎಳೆಯ ದಂಪತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಂತಿನಲ್ಲಿ ಕಟ್ಟಿದರು. ಪ್ರಯಾಣದ ವಿಮೆ ಮಾಡಿಸಿಯೇ ಕಳಿಸಿದ್ದೆವು. ಅದರ ಕರಾರಿನ ಸಣ್ಣ ಅಕ್ಷರದ ಸಾಲೊಂದರಲ್ಲಿ ಗರ್ಭ, ಹೆರಿಗೆ ಎರಡನ್ನೂ ಹೊರಗಿಟ್ಟಿದ್ದರು. ನಾವು ಓದಿರಲಿಲ್ಲ.

ಆಮೇಲೆ ಈ ನಿಯಮಗಳನ್ನು ಓದುವುದೇ ನನಗೊಂದು ಕೆಲಸವಾಯಿತು. ಕೊಡಗಿನಲ್ಲಿ ಈಗ ಹೊರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕುವುದು ಕಷ್ಟ. ಈ ಮಳೆಗಾಲದಲ್ಲೇ ಮೂರು ಮನೆಯವರು ಇದೇ ಪ್ರಶ್ನೆ ಹಿಡಿದು ಬಂದರು. ವಿರಾಜಪೇಟೆ ಕಡೆಯ ಹುಡುಗಿಗೆ ಹದಿನಾಲ್ಕು ವಾರ, ಗಂಡ ಜರ್ಮನಿಯಲ್ಲಿ ಎಂಜಿನಿಯರ್. ಸೋಮವಾರಪೇಟೆಯ ಹುಡುಗಿ ತಾನೇ ನರ್ಸ್, ಇಂಗ್ಲೆಂಡಿನ ಕೆಲಸದ ಪತ್ರ ಕೈಗೆ ಬಂದ ವಾರವೇ ಬಸುರಿ ಎಂದು ತಿಳಿಯಿತು. ಕುಶಾಲನಗರದವಳಿಗೆ ಇಪ್ಪತ್ನಾಲ್ಕು ವಾರ, ಗಂಡ ಅಮೆರಿಕದ ಟೆಕ್ಸಸ್‌ನಲ್ಲಿ ಕೆಲಸ ಬದಲಿಸುತ್ತಿದ್ದಾನೆ. ಹೋಗುವುದೋ, ಚೊಚ್ಚಲು ಹೆರಿಗೆ ತವರಲ್ಲೇ ಆಗಲೋ ಎಂದು ಮೂರೂ ಮನೆಯವರು ಕೇಳಿದರು.

ಅಳತೆಗೋಲು ಮೊದಲು

"ಯಾವ ದೇಶದಲ್ಲಿ ಆಸ್ಪತ್ರೆ ಚೆನ್ನಾಗಿದೆ?" ಎಂದು ಎಲ್ಲರೂ ಶುರು ಮಾಡುತ್ತಾರೆ. ಆಸ್ಪತ್ರೆಗಳು ಎಲ್ಲ ಕಡೆ ಚೆನ್ನಾಗಿಯೇ ಇವೆ. ನಾನು ಮೊದಲು ಎರಡು ಕ್ಯಾಲೆಂಡರ್ ಹರಡಿ ಕೂರಿಸುತ್ತೇನೆ. ಒಂದರಲ್ಲಿ ಗರ್ಭದ ವಾರಗಳು, ಇನ್ನೊಂದರಲ್ಲಿ ಹೋಗುವ ದೇಶದ ರಕ್ಷಣೆ ಶುರುವಾಗುವ ದಿನ. ಹೆರಿಗೆಯ ದಿನಕ್ಕಿಂತ ಕನಿಷ್ಠ ಆರು ವಾರ ಮೊದಲು ರಕ್ಷಣೆ ಶುರುವಾಗುವಂತಿರಬೇಕು ಎಂಬುದು ನನ್ನ ಸ್ವಂತ ಲೆಕ್ಕ. ಮಗು ನಮ್ಮ ಟಿಪ್ಪಣಿ ನೋಡಿಕೊಂಡು ಹುಟ್ಟುವುದಿಲ್ಲ, ಅದು ನಮ್ಮ ಮನೆಗೆ ಗೊತ್ತಾಗಿದೆ.

ಆಮೇಲೆ ವೀಸಾ. ಒಂದೇ ಊರಿನಲ್ಲಿ ಒಂದೇ ಬೀದಿಯಲ್ಲಿರುವ ಇಬ್ಬರು ಕನ್ನಡದ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಎಲ್ಲವೂ ಉಚಿತ, ಇನ್ನೊಬ್ಬಳಿಗೆ ಏನೂ ಇಲ್ಲ ಎಂದಾಗುವುದು ಈ ಕಾಗದದಿಂದ. ಪಿಆರ್ (ಖಾಯಂ ವಾಸದ ಅನುಮತಿ), ಕೆಲಸದ ಪರ್ಮಿಟ್, ವಿದ್ಯಾರ್ಥಿ, ಡಿಪೆಂಡೆಂಟ್ (ಅವಲಂಬಿತರು), ಸಂದರ್ಶಕಿ, ಇವೆಲ್ಲ ಬೇರೆಬೇರೆ. ಸಂದರ್ಶಕರ ವೀಸಾದಲ್ಲಿ ಹೋಗಿ ಹೆರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ನಾನು ಓದಿರುವ ಯಾವ ದೇಶದಲ್ಲೂ ಸಂದರ್ಶಕಿಯ ಹೆರಿಗೆಯ ಖರ್ಚನ್ನು ಸರ್ಕಾರ ಹೊರುವುದಿಲ್ಲ.

ಈಗಾಗಲೇ ನಿಂತ ಗರ್ಭಕ್ಕೆ ರಕ್ಷಣೆ ಉಂಟೇ ಎಂಬುದು ಮೂರನೆಯದು. ಸರ್ಕಾರಿ ವ್ಯವಸ್ಥೆಗಳು ಸಾಮಾನ್ಯವಾಗಿ ಇದನ್ನು ಕೇಳುವುದಿಲ್ಲ, ಖಾಸಗಿ ವಿಮೆಯವರು ಕೇಳುತ್ತಾರೆ. ಕೊನೆಯದಾಗಿ, ಹುಟ್ಟಿದ ಮಗುವಿನ ಹೆಸರಿಗೆ ರಕ್ಷಣೆ ಯಾವಾಗ ಬರುತ್ತದೆ, ಬಾಣಂತನಕ್ಕೆ ಯಾರು ಹೋಗುತ್ತಾರೆ. ಇದನ್ನು ಕಾಗದದಲ್ಲಿ ಯಾರೂ ಬರೆಯುವುದಿಲ್ಲ. ಆದರೆ ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು ಬಿಟ್ಟು ಹೊರಡಲಾಗದ ಅಮ್ಮಂದಿರಿರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಇಂಗ್ಲೆಂಡ್: ಮೊದಲೇ ಕಟ್ಟಿ, ಆಮೇಲೆ ಚಿಂತೆ ಬಿಡಿ

ಬ್ರಿಟನ್ನಿನ ವ್ಯವಸ್ಥೆ ಅರ್ಥಮಾಡಿಕೊಳ್ಳಲು ಸುಲಭ. ಆರು ತಿಂಗಳಿಗಿಂತ ಹೆಚ್ಚಿನ ವೀಸಾಕ್ಕೆ ಅರ್ಜಿ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ ಹದಿನೆಂಟರೊಳಗಿನವರಿಗೂ 776 ಪೌಂಡ್. ಮೂರು ವರ್ಷದ ವೀಸಾ ಆದರೆ ಮೂರೂ ವರ್ಷದ್ದು ಒಟ್ಟಿಗೆ, ಮುಂಗಡವಾಗಿ. ಗಂಡ ಹೆಂಡತಿ ಇಬ್ಬರದೂ ಸೇರಿದರೆ ಆರು ಸಾವಿರ ಪೌಂಡ್ ದಾಟುತ್ತದೆ. ತೋಟದ ಆದಾಯದಲ್ಲಿ ಇದನ್ನು ಹೊಂದಿಸುವುದು ಹಗುರವಲ್ಲ.

ಆ ಹಣಕ್ಕೆ ಪ್ರತಿಯಾಗಿ ಸಿಗುವುದು ಮಾತ್ರ ದೊಡ್ಡದು. ಇಳಿದ ದಿನದಿಂದಲೇ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ತಪಾಸಣೆ, ಸ್ಕ್ಯಾನ್, ಹೆರಿಗೆ, ಸಿಸೇರಿಯನ್, ಹೆರಿಗೆಯ ನಂತರ ಮನೆಗೆ ಬರುವ ಸೂಲಗಿತ್ತಿ ಅಂದರೆ ಮಿಡ್‌ವೈಫ್ ಎಲ್ಲವೂ ಒಳಗೊಂಡಿವೆ. ಕಾಯುವ ಅವಧಿ ಇಲ್ಲ, ಗರ್ಭ ಮೊದಲೇ ನಿಂತಿತ್ತೇ ಎಂಬ ಪ್ರಶ್ನೆ ಇಲ್ಲ. ಇಂಗ್ಲೆಂಡಿನಲ್ಲಿ ಗರ್ಭಿಣಿಗೆ ಒಂದು ವಿನಾಯಿತಿ ಪತ್ರ ಕೊಡುತ್ತಾರೆ. ಅದರಿಂದ ಔಷಧಿ, ಹಲ್ಲಿನ ಚಿಕಿತ್ಸೆ ಹೆರಿಗೆಯಾಗಿ ಒಂದು ವರ್ಷದವರೆಗೂ ಉಚಿತ. ಹತ್ತನೇ ವಾರದೊಳಗೆ ಮೊದಲ ಭೇಟಿ ಆಗಬೇಕೆಂಬುದು ಅಲ್ಲಿನ ರೂಢಿ. ತಡವಾಗಿ ಹೋದವರನ್ನೂ ಸೇರಿಸಿಕೊಳ್ಳುತ್ತಾರೆ, ಇಲ್ಲಿನ ಸ್ಕ್ಯಾನ್ ವರದಿಗಳು ಕೈಯಲ್ಲಿರಲಿ.

ಸೋಮವಾರಪೇಟೆಯ ಹುಡುಗಿಯಂತೆ ನರ್ಸ್ ಆಗಿ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿ ಹೋಗುವವರಿಗೆ ಸರ್‌ಚಾರ್ಜೇ ಇಲ್ಲ, ಜೊತೆಗೆ ಹೋಗುವ ಗಂಡನಿಗೂ ಇಲ್ಲ. ಹೆರಿಗೆಯ ಖರ್ಚಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅವಳಿಗೆ ನಾನು ಎಚ್ಚರಿಸಿದ್ದು ಸಂಬಳದ ಬಗ್ಗೆ. ಆಸ್ಪತ್ರೆ ಉಚಿತ ಎಂದರೆ ಹೆರಿಗೆ ರಜೆಗೆ ಸಂಬಳ ಬರುತ್ತದೆ ಎಂದಲ್ಲ. ಮಾಲೀಕರು ಕೊಡಬೇಕಾದ ಕಾನೂನುಬದ್ಧ ಹೆರಿಗೆ ವೇತನ ಸಿಗಬೇಕಾದರೆ ಡ್ಯೂ ಡೇಟಿಗೆ ಹದಿನೈದು ವಾರ ಇರುವ ಹೊತ್ತಿಗೆ ಅದೇ ಮಾಲೀಕರ ಬಳಿ 26 ವಾರ ದುಡಿದಿರಬೇಕು. ಬಸುರಿಯಾಗಿಯೇ ಕೆಲಸಕ್ಕೆ ಸೇರುವವಳಿಗೆ ಈ ಲೆಕ್ಕ ಕೂಡುವುದೇ ಇಲ್ಲ. ಇನ್ನುಳಿದದ್ದು ಸರ್ಕಾರ ಕೊಡುವ ಮೆಟರ್ನಿಟಿ ಅಲೋಯನ್ಸ್. ಅದಕ್ಕೆ ಹೆರಿಗೆಯ ಹಿಂದಿನ 66 ವಾರಗಳಲ್ಲಿ 26 ವಾರ ಕೆಲಸ ಮಾಡಿದ್ದರೆ ಸಾಕು. ಹತ್ತನೇ ವಾರದೊಳಗೆ ಹೋಗಿ ಕೆಲಸಕ್ಕೆ ಸೇರಿದರೆ ಇದು ಕೈಗೆಟುಕಬಹುದು, ಇಪ್ಪತ್ತನೇ ವಾರದಲ್ಲಿ ಹೋದರೆ ಇಲ್ಲ.

ವಿದ್ಯಾರ್ಥಿಯ ಹೆಂಡತಿಯಾಗಿ ಹೋಗುವ ದಾರಿ 2024ರ ಜನವರಿಯಿಂದ ಬಹುಮಟ್ಟಿಗೆ ಮುಚ್ಚಿದೆ. ಸಂಶೋಧನೆಯ ಕೋರ್ಸುಗಳವರನ್ನು ಬಿಟ್ಟರೆ ಉಳಿದವರು ಕುಟುಂಬ ಕರೆದೊಯ್ಯುವಂತಿಲ್ಲ. ಇನ್ನು ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆಯಾಗುವುದಿಲ್ಲ, ತಾಯಿ ತಂದೆಯರಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆಯೋ ಖಾಯಂ ನಿವಾಸಿಯೋ ಆಗಿರಬೇಕು. 1983ರಿಂದ ಹೀಗೆಯೇ ಇದೆ. ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ ಅದರ ವೀಸಾ ಅರ್ಜಿ ಹಾಕಿಬಿಡಿ, ಚಿಕಿತ್ಸೆಯ ಹಕ್ಕು ಅದಕ್ಕೆ ಅಂಟಿಕೊಂಡಿದೆ.

ಜರ್ಮನಿ

ಇದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಬಸುರಿ ಹೆಂಡತಿಯನ್ನು ಕರೆಸಿಕೊಳ್ಳುವವರಿಗೆ ಇಷ್ಟು ಸರಳವಾದ ವ್ಯವಸ್ಥೆ ಅಪರೂಪ. ಗಂಡ ಕೆಲಸಕ್ಕೆ ಸೇರಿ ಸರ್ಕಾರಿ ನಿಯಂತ್ರಣದ ವಿಮಾ ನಿಧಿಯಲ್ಲಿದ್ದರೆ, ಸಂಬಳದ 14.6 ಶೇಕಡ ಮತ್ತು ನಿಧಿಯ ಸ್ವಲ್ಪ ಹೆಚ್ಚುವರಿಯನ್ನು ಅವನೂ ಮಾಲೀಕರೂ ಅರ್ಧರ್ಧ ಕಟ್ಟುತ್ತಾರೆ. ದುಡಿಮೆ ಇಲ್ಲದ ಹೆಂಡತಿ, ಹುಟ್ಟುವ ಮಗು ಇಬ್ಬರೂ ಅದೇ ವಿಮೆಯೊಳಗೆ ಬರುತ್ತಾರೆ, ಒಂದು ಯೂರೋ ಹೆಚ್ಚು ಇಲ್ಲ. ಕಾಯುವ ಅವಧಿ ಇಲ್ಲ. ಹೆರಿಗೆಗೆ ಸಂಬಂಧಿಸಿದ ಚಿಕಿತ್ಸೆಗೆ ಕೈಯಿಂದ ಕೊಡುವ ಪಾಲೂ ಇಲ್ಲ. ನಮ್ಮ ತಾಯಿ ಕಾರ್ಡಿನ ಹಾಗೆಯೇ ಅಲ್ಲಿ ಮುಟ್ಟರ್‌ಪಾಸ್ ಎಂಬ ಪುಟ್ಟ ಪುಸ್ತಕ ಕೊಡುತ್ತಾರೆ, ಎಲ್ಲ ತಪಾಸಣೆಯೂ ಅದರಲ್ಲಿ ದಾಖಲು. ಹೆರಿಗೆಯಾಗಿ ಹನ್ನೆರಡು ವಾರದವರೆಗೆ ಸೂಲಗಿತ್ತಿ ಮನೆಗೆ ಬಂದು ನೋಡುವುದು ಹಕ್ಕು. ಆದರೆ ದೊಡ್ಡ ಊರುಗಳಲ್ಲಿ ಸೂಲಗಿತ್ತಿ ಸಿಗುವುದು ಕಷ್ಟ, ಹೋದ ವಾರದಿಂದಲೇ ಹುಡುಕಬೇಕು.

ಎಡವುವ ಜಾಗ ಒಂದುಂಟು. ಸಂಬಳ ಒಂದು ಮಿತಿ ಮೀರಿದವರು ಖಾಸಗಿ ವಿಮೆ ಆರಿಸಿಕೊಳ್ಳಬಹುದು. ಒಂಟಿ ಹುಡುಗನಿಗೆ ಅದು ಅಗ್ಗವಾಗಿ ಕಾಣುತ್ತದೆ. ಮದುವೆಯಾದ ಮೇಲೆ ಹೆಂಡತಿಗೆ ಬೇರೆ ಕಂತು, ಮಗುವಿಗೆ ಬೇರೆ ಕಂತು, ಹೆರಿಗೆಗೆ ಎಂಟು ತಿಂಗಳವರೆಗೆ ಕಾಯುವ ಷರತ್ತು ಬರಬಹುದು. ವಿರಾಜಪೇಟೆಯ ಮನೆಯವರಿಗೆ ನಾನು ಕೇಳಿದ ಮೊದಲ ಪ್ರಶ್ನೆಯೇ "ಅಳಿಯ ಯಾವ ವಿಮೆಯಲ್ಲಿದ್ದಾನೆ?" ಎಂಬುದು. ಪುಣ್ಯಕ್ಕೆ ಸರ್ಕಾರಿ ನಿಧಿಯಲ್ಲೇ ಇದ್ದ.

ಕೆನಡಾ: ಒಂದು ದೇಶವಲ್ಲ

ಕೆನಡಾ ಎಂದು ಹೇಳಿದರೆ ಸಾಲದು, ಯಾವ ಪ್ರಾಂತ್ಯ ಎಂದು ಹೇಳಬೇಕು. ಆರೋಗ್ಯ ಅಲ್ಲಿ ಪ್ರಾಂತ್ಯಗಳ ಕೈಯಲ್ಲಿದೆ, ಹೊಸಬರ ನಿಯಮಗಳು ಒಂದಕ್ಕೊಂದು ಹೊಂದುವುದಿಲ್ಲ.

ಟೊರಾಂಟೊ ಇರುವ ಒಂಟಾರಿಯೊ ತನ್ನ ಮೂರು ತಿಂಗಳ ಕಾಯುವ ಅವಧಿಯನ್ನು 2020ರ ಮಾರ್ಚಿನಲ್ಲಿ ತೆಗೆದುಹಾಕಿತು. ಪಿಆರ್ ಹಿಡಿದು ಇಳಿದವರು ಕಾಗದ ತೋರಿಸಿದ ಕೂಡಲೇ ಪ್ರಾಂತ್ಯದ ಆರೋಗ್ಯ ವಿಮೆಯಾದ ಓಹಿಪ್ ಕಾರ್ಡಿಗೆ ಅರ್ಹರು. ಕೆಲಸದ ಪರ್ಮಿಟ್ ಇದ್ದವರು ಅಲ್ಲಿನ ಮಾಲೀಕರ ಬಳಿ ಆರು ತಿಂಗಳಿಗೆ ಕಡಿಮೆಯಿಲ್ಲದ ಪೂರ್ಣಾವಧಿ ಕೆಲಸದಲ್ಲಿರಬೇಕು. ಆಗ ಹೆಂಡತಿಗೂ ಸಿಗುತ್ತದೆ. ಅಂದರೆ ಇಬ್ಬರೂ ಯಾವ ಮಾಲೀಕರ ಬಳಿಯಾದರೂ ದುಡಿಯಬಹುದಾದ ಓಪನ್ ಪರ್ಮಿಟ್ ಹಿಡಿದು "ಹೋಗಿ ಕೆಲಸ ಹುಡುಕೋಣ" ಎಂದು ಹೊರಟರೆ, ಕೆಲಸ ಸಿಗುವವರೆಗೆ ಕಾರ್ಡ್ ಇಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹೀಗೆ ಹೊರಡುವುದು ಬೇಡ ಎಂದೇ ನಾನು ಹೇಳುವುದು. ವಿದ್ಯಾರ್ಥಿಗಳಿಗೆ ಒಂಟಾರಿಯೊದಲ್ಲಿ ಓಹಿಪ್ ಇಲ್ಲ, ವಿಶ್ವವಿದ್ಯಾಲಯದ ವಿಮೆ ಬೇರೆ.

ಒಂಟಾರಿಯೊದಲ್ಲಿ ಒಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ನೋಂದಾಯಿತ ಮಿಡ್‌ವೈಫ್‌ಗಳ ಸೇವೆಗೆ ಪ್ರಾಂತ್ಯವೇ ಹಣ ಕೊಡುತ್ತದೆ, ಕಾರ್ಡ್ ಇಲ್ಲದಿದ್ದರೂ ಅಲ್ಲಿ ವಾಸವಿದ್ದರೆ ಸಾಕು. ಆಸ್ಪತ್ರೆಯ ಕೋಣೆ, ಶಸ್ತ್ರಚಿಕಿತ್ಸೆ, ಅರಿವಳಿಕೆಯ ವೈದ್ಯರ ಬಿಲ್ ಅದರಲ್ಲಿ ಸೇರುವುದಿಲ್ಲ ನಿಜ. ಆದರೂ ಕೈ ಖಾಲಿಯಾಗಿ ನಿಂತವಳಿಗೆ ಒಂಬತ್ತು ತಿಂಗಳ ತಪಾಸಣೆ ತಪ್ಪದಂತೆ ನೋಡಿಕೊಳ್ಳುವ ಬಾಗಿಲು ಇದು.

ಕ್ವಿಬೆಕ್‌ನಲ್ಲಿ ಮೂರು ತಿಂಗಳವರೆಗೆ ಕಾಯಿಸುತ್ತಾರೆ, ಆದರೆ ಅರ್ಹ ಪರ್ಮಿಟ್ ಇದ್ದವರ ಗರ್ಭ ಮತ್ತು ಹೆರಿಗೆಯ ಚಿಕಿತ್ಸೆಗೆ ಆ ಕಾಯುವಿಕೆ ಅನ್ವಯಿಸುವುದಿಲ್ಲ. ಆಲ್ಬರ್ಟಾದಲ್ಲಿ ಹೊರದೇಶದಿಂದ ನೆಲೆಸಲು ಬಂದವರಿಗೆ ಬಂದ ದಿನದಿಂದಲೇ ಲೆಕ್ಕ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಷ್ಟೆ. ಬ್ರಿಟಿಷ್ ಕೊಲಂಬಿಯಾದ ಕತೆ ಮೇಲೆ ಹೇಳಿದ್ದೇನೆ. ಅಲ್ಲಿಗೆ ಹೋಗುವವರು ತಿಂಗಳ ಮೊದಲ ವಾರಕ್ಕೆ ಟಿಕೆಟ್ ಮಾಡುವ ಬದಲು ಹಿಂದಿನ ತಿಂಗಳ ಕೊನೆಯ ವಾರಕ್ಕೆ ಮಾಡಿ, ಒಂದು ಇಡೀ ತಿಂಗಳು ಉಳಿಯುತ್ತದೆ. ಕೆಲಸದ ಜಾಗ ಆರಿಸಿಕೊಳ್ಳುವ ಅವಕಾಶ ಇದ್ದ ಅಳಿಯಂದಿರು ವ್ಯಾಂಕೂವರಿಗಿಂತ ಟೊರಾಂಟೊ, ಕ್ಯಾಲ್ಗರಿ ಕಡೆ ನೋಡಿದರೆ ಆ ವರ್ಷದ ಮಟ್ಟಿಗೆ ಜಾಣತನ.

ಕೆನಡಾದ ಮಣ್ಣಿನಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ಈ ಒಂದು ಮಾತಿಗೆ ಆಸೆಪಟ್ಟು ರಕ್ಷಣೆ ಇಲ್ಲದೆ ಮೂವತ್ತನೇ ವಾರದಲ್ಲಿ ವಿಮಾನ ಹತ್ತುವವರನ್ನು ಕಂಡಿದ್ದೇನೆ. ಅವಧಿಗೆ ಮುನ್ನ ಹುಟ್ಟಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಮೂರು ವಾರ ಇರಬೇಕಾದ ಕೂಸಿನ ಬಿಲ್ ಎಕರೆಗಟ್ಟಲೆ ತೋಟವನ್ನು ನುಂಗಬಲ್ಲದು.

ಅಮೆರಿಕ: ಕಂಪನಿಯ ಕಾಗದ ಓದಿ, ಆಮೇಲೆ ರಾಜ್ಯದ ನಿಯಮ

ಎಚ್-1ಬಿ ಎಂಬ ಕೆಲಸದ ವೀಸಾದ ಗಂಡ, ಅವನ ಅವಲಂಬಿತಳಾಗಿ ಎಚ್-4 ವೀಸಾದ ಹೆಂಡತಿ, ನಮ್ಮಲ್ಲಿ ಇದೇ ಹೆಚ್ಚು. ಇವರ ರಕ್ಷಣೆ ಬಹುಪಾಲು ಗಂಡನ ಕಂಪನಿಯ ಗುಂಪು ವಿಮೆ. ಗರ್ಭವನ್ನು ಹಳೆಯ ಕಾಯಿಲೆ ಎಂದು ಹೊರಗಿಡುವುದನ್ನು ಗುಂಪು ವಿಮೆಗಳಿಗೆ 1996ರ ಕಾನೂನು ನಿಷೇಧಿಸಿದೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ವಿಮೆ ಶುರುವಾಗಲು 90 ದಿನದವರೆಗೆ ಕಾಯಿಸಲು ಕಂಪನಿಗೆ ಅವಕಾಶವಿದೆ. ಕುಶಾಲನಗರದವಳ ಚಿಂತೆ ಇಲ್ಲಿಯೇ ಇತ್ತು. ಗಂಡ ಕೆಲಸ ಬದಲಿಸಿದಾಗ ಹಳೆಯ ವಿಮೆ ಎಂದು ನಿಲ್ಲುತ್ತದೆ, ಹೊಸದು ಎಂದು ಹತ್ತುತ್ತದೆ? ನಡುವಿನ ತೂತಿಗೆ ಕೋಬ್ರಾ ಎಂಬ ವ್ಯವಸ್ಥೆ ಇದೆ. ಹಳೆಯ ವಿಮೆಯನ್ನೇ 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಕಂಪನಿಯ ಪಾಲೂ ಸೇರಿಸಿ ಪೂರ್ತಿ ಕಂತು ನಾವೇ ಕಟ್ಟಬೇಕು. ಹೆಂಡತಿಯ ಹೆಸರು ಆ ವಿಮೆಯಲ್ಲಿ ಮೊದಲೇ ಇದ್ದರೆ ಮಾತ್ರ ಅವಳಿಗೆ ಉಪಯೋಗ.

ವಿಮೆ ಇದೆ ಎಂದರೆ ಉಚಿತ ಎಂದಲ್ಲ. ವರ್ಷಕ್ಕೆ ನಮ್ಮ ಕೈಯಿಂದ ಹೋಗುವ ಹಣಕ್ಕೆ ಗರಿಷ್ಠ ಮಿತಿ ಇದೆ, 2025ರಲ್ಲಿ ಅದು ಒಬ್ಬರಿಗೆ 9,200 ಡಾಲರ್ ಇತ್ತು. ಈ ಲೆಕ್ಕ ಹೆಚ್ಚಿನ ವಿಮೆಗಳಲ್ಲಿ ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಅಕ್ಟೋಬರಿನಲ್ಲಿ ಹೋಗಿ ಫೆಬ್ರವರಿಯಲ್ಲಿ ಹೆರುವವಳಿಗೆ ಎರಡು ವರ್ಷದ ಹೊರೆ ಬೀಳುತ್ತದೆ. ಹುಟ್ಟಿದ ಮಗುವಿನ ಹೆಸರನ್ನು 30 ದಿನದೊಳಗೆ ಸೇರಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ಇದನ್ನು ಮರೆತರೆ ದುಬಾರಿ ಮರೆವು.

ಕಂಪನಿ ವಿಮೆ ಇಲ್ಲದವರಿಗೆ ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯಲ್ಲಿ ಕೊಳ್ಳುವ ವಿಮೆಯಿದೆ. ಕಾನೂನುಬದ್ಧವಾಗಿ ಹೊಸದಾಗಿ ಬಂದವರು 60 ದಿನದೊಳಗೆ ಸೇರಬಹುದು, ಗರ್ಭಿಣಿ ಎಂದು ನಿರಾಕರಿಸುವಂತಿಲ್ಲ. ಆದರೆ 2025ರ ಜುಲೈನ ಕಾನೂನಿನ ಪ್ರಕಾರ 2027ರಿಂದ ಇದರ ಸಹಾಯಧನ ಗ್ರೀನ್ ಕಾರ್ಡಿನವರಂಥ ಕೆಲವೇ ವರ್ಗಗಳಿಗೆ ಸೀಮಿತವಾಗುತ್ತದೆ. ಎಚ್-4ನಂಥವರು ಆ ಮೇಲೆ ಪೂರ್ತಿ ಬೆಲೆ ಕೊಡಬೇಕು.

ಇನ್ನು ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ, ಮೆಡಿಕೇಡ್. ಅಮೆರಿಕದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಹೆರಿಗೆಯ ಖರ್ಚನ್ನು ಇದೇ ಹೊರುತ್ತದೆ, ಹಾಗಾಗಿ ಇದರ ಹೆಸರು ಹೇಳಲು ನಾಚಿಕೊಳ್ಳುವುದು ಬೇಡ. 1996ರ ಇನ್ನೊಂದು ಕಾನೂನು ಗ್ರೀನ್ ಕಾರ್ಡ್ ಪಡೆದವರನ್ನೂ ಐದು ವರ್ಷ ಕಾಯಿಸುತ್ತದೆ. 2009ರಲ್ಲಿ ರಾಜ್ಯಗಳಿಗೆ ಒಂದು ಆಯ್ಕೆ ಕೊಟ್ಟರು. ಕಾನೂನುಬದ್ಧವಾಗಿ ವಾಸವಿರುವ ಗರ್ಭಿಣಿಯರಿಗೆ ಐದು ವರ್ಷದ ತಡೆ ಇಲ್ಲದೆ ಕೊಡಬಹುದು, ಎಚ್-4ನಂಥ ವೀಸಾದವರೂ ಇದರಲ್ಲಿ ಬರುತ್ತಾರೆ. ಬಹಳಷ್ಟು ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ, ಎಲ್ಲವೂ ಅಲ್ಲ. ಇನ್ನು ಕೆಲವು ರಾಜ್ಯಗಳು ಹುಟ್ಟಲಿರುವ ಮಗುವಿನ ಹೆಸರಿನಲ್ಲೇ ತಾಯಿಯ ಆರೈಕೆಗೆ ಹಣ ಕೊಡುತ್ತವೆ, ಟೆಕ್ಸಸ್‌ನ ಚಿಪ್ ಪೆರಿನೇಟಲ್ ಆ ಬಗೆಯದು. ಇವೆಲ್ಲಕ್ಕೂ ಆದಾಯದ ಮಿತಿ ಉಂಟು. ಹೊಟ್ಟೆಯ ಕೂಸನ್ನೂ ಮನೆಮಂದಿಯ ಲೆಕ್ಕಕ್ಕೆ ಹಿಡಿಯುವುದರಿಂದ ಮಿತಿ ಸ್ವಲ್ಪ ಸಡಿಲಾಗುತ್ತದೆ. ಐಟಿ ಸಂಬಳದವರು ಇದರೊಳಗೆ ಬರುವುದು ಕಡಿಮೆ, ಸ್ಟೈಪೆಂಡಿನಲ್ಲಿ ಬದುಕುವ ಪಿಎಚ್‌ಡಿ ವಿದ್ಯಾರ್ಥಿಗಳ ಮನೆಯವರು ಬರಬಹುದು. ಮೆಡಿಕೇಡ್ ಇದ್ದ ತಾಯಿಗೆ ಹುಟ್ಟಿದ ಮಗುವಿಗೆ ಒಂದು ವರ್ಷ ತಾನಾಗಿಯೇ ರಕ್ಷಣೆ.

"ಇದನ್ನು ತೆಗೆದುಕೊಂಡರೆ ಮುಂದೆ ಗ್ರೀನ್ ಕಾರ್ಡಿಗೆ ತೊಂದರೆಯೇ?" ಎಂಬ ಭಯ ಎಲ್ಲರಿಗೂ ಇದೆ. ಸರ್ಕಾರಕ್ಕೆ ಹೊರೆಯಾಗುವವರಿಗೆ ಗ್ರೀನ್ ಕಾರ್ಡ್ ನಿರಾಕರಿಸುವ 2019ರ ಬಿಗಿ ನಿಯಮವೂ, ಅದನ್ನು ಸಡಿಲಿಸಿದ 2022ರ ನಿಯಮವೂ ಗರ್ಭಿಣಿಯ ಮೆಡಿಕೇಡನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ಈ ವಿಷಯ ಸರ್ಕಾರ ಬದಲಾದಂತೆ ಅಲುಗಾಡುತ್ತದೆ. ಸಹಿ ಹಾಕುವ ಮೊದಲು ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಡಿ, ವಾಟ್ಸಾಪಿನಲ್ಲಿ ಬಂದ ಮಾತು ನಂಬಬೇಡಿ. ನೋವು ಶುರುವಾಗಿ ಆಸ್ಪತ್ರೆಗೆ ಓಡಿದರೆ 1986ರ ಕಾನೂನಿನಂತೆ ಯಾರೂ ವಾಪಸು ಕಳಿಸುವಂತಿಲ್ಲ. ಬಿಲ್ ಮಾತ್ರ ಮನೆಗೆ ಬರುತ್ತದೆ.

ಆಸ್ಟ್ರೇಲಿಯಾ, ಕೊಲ್ಲಿ ದೇಶಗಳು

ಆಸ್ಟ್ರೇಲಿಯಾದ ಮೆಡಿಕೇರ್ ಪಿಆರ್ ಇದ್ದವರಿಗೆ, ಕೆಲವು ಷರತ್ತಿನೊಡನೆ ಪಿಆರ್‌ಗೆ ಅರ್ಜಿ ಹಾಕಿದವರಿಗೂ ಸಿಗುತ್ತದೆ. ತಾತ್ಕಾಲಿಕ ಕೆಲಸದ ವೀಸಾದವರಿಗೆ ಇಲ್ಲ. ಪರಸ್ಪರ ಒಪ್ಪಂದದ ದೇಶಗಳ ಪಟ್ಟಿಯಲ್ಲಿ ಭಾರತವೂ ಇಲ್ಲ. ಅವರು ಕೊಳ್ಳಬೇಕಾದ ಖಾಸಗಿ ವಿಮೆ ಹೆರಿಗೆಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಾಯಿಸುತ್ತದೆ. ಈಗಾಗಲೇ ಬಸುರಿಯಾದವಳಿಗೆ ಉತ್ತರ ಸ್ಪಷ್ಟ: ಹೆತ್ತು ಹೋಗಿ. ಕೊಲ್ಲಿಯಲ್ಲಿ ಹೊರಗಿನವರ ಹೆರಿಗೆ ಸಂಬಳದಾತನ ವಿಮೆಯ ಮೇಲೆ ನಿಂತಿದೆ. ದುಬೈಯಲ್ಲಿ ವಿಮೆ ಕಡ್ಡಾಯ, ಕುಟುಂಬದ ವಿಮೆಯ ಹೊಣೆ ಕರೆಸಿಕೊಂಡವನದು.

ತವರಿನಲ್ಲೇ ಹೆರುವುದು

ಇದನ್ನು ಸೋಲು ಎಂದು ನೋಡುವವರಿದ್ದಾರೆ. ನನಗೆ ಇದು ಉಳಿದವುಗಳ ಜೊತೆ ಸಮನಾಗಿ ತೂಗಬೇಕಾದ ಆಯ್ಕೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ, ಬಿಪಿಎಲ್ ಎಪಿಎಲ್ ಭೇದವಿಲ್ಲ. ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿದರೆ ಆಯಿತು. ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಮಡಿಕೇರಿಯಲ್ಲಿ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ 30 ಶೇಕಡ ಭಾಗ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದ ಹೆಣ್ಣುಮಕ್ಕಳಿದ್ದಾರೆ. ನಮ್ಮ ಮಗಳು ಟೊರಾಂಟೊದಲ್ಲಿ ಹೇಗೋ, ಅವರು ಇಲ್ಲಿ ಹಾಗೆ. ಮೇಲೆ ಹೇಳಿದ ಉಚಿತ ಹೆರಿಗೆ ಯಾವ ರಾಜ್ಯದವಳು ಎಂದು ಕೇಳುವುದಿಲ್ಲ. ನಿಮ್ಮ ತೋಟದಲ್ಲಿ ಬಸುರಿ ಕೆಲಸದವಳಿದ್ದರೆ ಆಶಾ ಕಾರ್ಯಕರ್ತೆಗೆ ಇವತ್ತೇ ಒಂದು ಫೋನ್ ಮಾಡಿ.

ತವರಿನ ಆಯ್ಕೆಗೂ ಬೆಲೆ ಇದೆ. ಖಾಸಗಿ ಆಸ್ಪತ್ರೆ ಬೇಕೆನ್ನುವವರು ಈಗ ಹೊಸದಾಗಿ ವಿಮೆ ಕೊಂಡರೆ ಈ ಹೆರಿಗೆಗೆ ಉಪಯೋಗವಿಲ್ಲ, ಕನಿಷ್ಠ ಒಂಬತ್ತು ತಿಂಗಳು, ಹಲವದರಲ್ಲಿ ಎರಡು ಮೂರು ವರ್ಷ ಕಾಯಿಸುತ್ತಾರೆ. ಅವಳಿ ಮಕ್ಕಳು, ಬಿಪಿ, ಹಿಂದಿನ ಸಿಸೇರಿಯನ್ ಇದ್ದವರು ಮೈಸೂರಿಗೆ ಹತ್ತಿರ ಇರುವುದು ಮೇಲು. ಮಡಿಕೇರಿಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಘಟ್ಟ ಇಳಿಯುವ ರಸ್ತೆ ಮುಚ್ಚಿದ್ದನ್ನು ಕಂಡವರು ನಾವು. ಡ್ಯೂ ಡೇಟ್ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದರೆ, ಊರೊಳಗಿನ ತೋಟದ ಮನೆ ಬಿಟ್ಟು ಆಸ್ಪತ್ರೆಯ ಹತ್ತಿರ ಒಂದು ತಿಂಗಳು ಇರುವ ಏರ್ಪಾಡು ಮಾಡಿಕೊಳ್ಳಿ. ಅಪ್ಪ ದೂರದ ದೇಶದಲ್ಲಿ, ಕೂಸು ಇಲ್ಲಿ ಎಂಬ ನೋವನ್ನು ಯಾವ ಲೆಕ್ಕಕ್ಕೂ ಸೇರಿಸಲಾಗದು. ಮಗುವಿನ ಪಾಸ್‌ಪೋರ್ಟ್, ವೀಸಾ ಮುಗಿಯಲು ಕೆಲವು ತಿಂಗಳು ಹಿಡಿಯುತ್ತದೆ.

ಇನ್ನು ನಿರ್ಧಾರ

ಒಂದು ಗಡಿ ನೆನಪಿಡಿ. ಹೆಚ್ಚಿನ ವಿಮಾನ ಸಂಸ್ಥೆಗಳು 28 ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಹತ್ತಿಸುವುದಿಲ್ಲ, ಅವಳಿ ಆದರೆ 32. ನರ್ಸ್ ಹುಡುಗಿಯಂತೆ ದುಡಿಮೆಯ ವಾರಗಳ ಲೆಕ್ಕದ ಅವಸರ ಇಲ್ಲದವರು ಹೋಗುವುದಾದರೆ ಹದಿನಾರರಿಂದ ಇಪ್ಪತ್ತನಾಲ್ಕನೇ ವಾರದೊಳಗೆ ಹೋಗಿ. ರಕ್ತದ ಗುಂಪು, ಸ್ಕ್ಯಾನ್, ಚುಚ್ಚುಮದ್ದಿನ ವಿವರ, ನೋಂದಾಯಿಸಿದ ಮದುವೆಯ ಪತ್ರ ಕೈಚೀಲದಲ್ಲೇ ಇರಲಿ. ನಮ್ಮಲ್ಲಿ ಮಂಟಪದ ಫೋಟೋ ನೂರಾರು ಇರುತ್ತವೆ, ಮದುವೆ ನೋಂದಣಿ ಪತ್ರ ಇರುವುದಿಲ್ಲ. ಅದಿಲ್ಲದೆ ಹೆಂಡತಿಯನ್ನು ಯಾವ ವಿಮೆಗೂ ಸೇರಿಸಿಕೊಳ್ಳುವುದಿಲ್ಲ.

ಕೈಯಲ್ಲಿ ಹಣ ಕಡಿಮೆ, ರಕ್ಷಣೆಯ ದಿನ ಬರವಣಿಗೆಯಲ್ಲಿ ಸಿಕ್ಕಿಲ್ಲ ಎಂದರೆ ಇಲ್ಲೇ ಹೆತ್ತು, ಮಗುವಿಗೆ ಆರು ತಿಂಗಳಾದ ಮೇಲೆ ಹೊರಡುವುದು ಸರಿ. ಜರ್ಮನಿಯ ಸರ್ಕಾರಿ ನಿಧಿ, ಇಂಗ್ಲೆಂಡಿನ ಸರ್‌ಚಾರ್ಜ್ ಕಟ್ಟಿದ ವೀಸಾ, ಒಂಟಾರಿಯೊದ ಖಚಿತ ಕೆಲಸ, ಈ ಮೂರರಲ್ಲಿ ಒಂದಿದ್ದರೆ ದುಡ್ಡಿನ ಭಯದಿಂದ ಹಿಂಜರಿಯಬೇಕಿಲ್ಲ. ಅಮೆರಿಕ ಒಳ್ಳೆಯ ಕಂಪನಿ ವಿಮೆ ಮತ್ತು ಹತ್ತು ಸಾವಿರ ಡಾಲರ್ ಬದಿಗಿಡುವ ಶಕ್ತಿ ಇದ್ದವರಿಗೆ.

ಬಾಣಂತನಕ್ಕೆ ಹೋಗುವ ಅಮ್ಮನಿಗೂ ವಿಮೆ ಬೇಕು, ಅವಳು ಅಲ್ಲಿ ಸಂದರ್ಶಕಿ. ಜರ್ಮನಿಗೆ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ, 30,000 ಯೂರೋದ ವಿಮೆ ಕಡ್ಡಾಯ. ಇಂಗ್ಲೆಂಡಿನಲ್ಲಿ ಆರು ತಿಂಗಳವರೆಗೆ ಇರಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ಮೂರು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯ ಜೊತೆ ಇಲ್ಲಿಂದಲೇ ಒಯ್ಯಲಿ.

ಕುಶಾಲನಗರದ ಹುಡುಗಿ ಇಲ್ಲೇ ಉಳಿದಳು. ಗಂಡನ ಹೊಸ ಕಂಪನಿಯ ವಿಮೆ ಶುರುವಾಗುವುದು ಅವಳ 35ನೇ ವಾರಕ್ಕೆ ಎಂದು ಪತ್ರ ಬಂತು, ಅದು ತೀರಾ ಅಂಚು. ಸೋಮವಾರಪೇಟೆಯ ನರ್ಸ್ ಒಂಬತ್ತನೇ ವಾರದಲ್ಲಿ ಹೊರಟಳು, 26 ವಾರದ ದುಡಿಮೆಯ ಲೆಕ್ಕ ಬರೆದಿಟ್ಟುಕೊಂಡೇ. ವಿರಾಜಪೇಟೆಯವಳು ಹದಿನೆಂಟನೇ ವಾರಕ್ಕೆ ಟಿಕೆಟ್ ಮಾಡಿದ್ದಾಳೆ. ಹೆರಿಗೆ ಜನವರಿಗೆ, ಅಂದರೆ ರೋಬಸ್ಟಾ ಕೊಯ್ಲಿನ ನಟ್ಟನಡುವೆ. ಮೊದಲ ತೊಂಬತ್ತು ದಿನಕ್ಕೆ ಅತ್ತೆ ಹೋಗುತ್ತಾರೆ. ಕಣದ ಕಾಫಿ ಒಣಗಿ ಚೀಲ ಸೇರಿದ ಮೇಲೆ, ಏಪ್ರಿಲಿನಲ್ಲಿ, ಅಮ್ಮ.